ಡಬ್ಬಿಯ ಸಾರಕ್ಕೆ ಎಷ್ಟು ಬಗೆ ಕಾಳು?

ಮನೆಯಲ್ಲಿ ಬಿಯರ್ ತಯಾರಿಸುವವರಿಗೆಂದೇ ಸಾಮಾನು ಮಾರುವ ಅಂಗಡಿಗಳು ಅಮೆರಿಕದ ಎಷ್ಟೋ ಊರುಗಳಲ್ಲಿವೆ. ಬಾಗಿಲು ದೂಡಿ ಒಳಗೆ ಹೋದರೆ ಹಿಟ್ಟಿನ ಗಿರಣಿಯ ವಾಸನೆಗೆ ಕಾಫಿಪುಡಿ ಅಂಗಡಿಯ ವಾಸನೆ ಬೆರೆತಂಥ ಘಮ. ಒಂದು ಗೋಡೆಗೆ ಮಾಲ್ಟ್ ಎಕ್ಸ್‌ಟ್ರಾಕ್ಟ್ ಡಬ್ಬಿಗಳ ಸಾಲು. ಎದುರಿನ ಗೋಡೆಗೆ ಮುಚ್ಚಳ ಹಾಕಿದ ದೊಡ್ಡ ಡಬ್ಬಗಳಲ್ಲಿ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಬಿಳಿಚಿಕೊಂಡದ್ದು, ಜೇನುಬಣ್ಣದ್ದು, ಕೆಂಚಗಿನದು, ಚಾಕೊಲೇಟಿನಂಥದು, ಇದ್ದಿಲಿನಂಥದು. ನಲವತ್ತು ಬಗೆ ಇದ್ದರೂ ಇದ್ದೀತು. ಒಂದೊಂದರ ಮೇಲೂ ಒಂದು ಹೆಸರು, ಹೆಸರಿನ ಪಕ್ಕದಲ್ಲಿ ಒಂದು ಸಂಖ್ಯೆ.

ಇಲ್ಲಿಗೆ ಬರುವ ಹೊಸಬನ ಕೈಯಲ್ಲಿ ಒಂದು ಚೀಟಿ ಇರುತ್ತದೆ. ಅದರಲ್ಲಿ ಎರಡು ಬಗೆಯ ಎಕ್ಸ್‌ಟ್ರಾಕ್ಟು, ಏಳು ಬಗೆಯ ಕಾಳು. ಇದು ನೂರು ಗ್ರಾಂ, ಅದು ಇನ್ನೂರು ಗ್ರಾಂ, ಮತ್ತೊಂದು ಒಂದು ಹಿಡಿ. ಏಳು ಕಾಗದದ ಪೊಟ್ಟಣ ಕಟ್ಟಿಸಿಕೊಂಡು ಹೋಗಿ, ಅಡುಗೆಮನೆಯಲ್ಲಿ ಒಂದು ಭಾನುವಾರವಿಡೀ ಬೆವರು ಸುರಿಸಿ, ಎರಡು ವಾರ ಹುದುಗಲು ಬಿಟ್ಟು, ಬಾಟಲಿ ತುಂಬಿ, ಮತ್ತೆರಡು ವಾರ ಕಾದು ಮೊದಲ ಬಾಟಲಿ ತೆರೆಯುತ್ತಾನೆ. ಬಣ್ಣ ಕೆಸರುಕಂದು. ರುಚಿ ಸ್ವಲ್ಪ ಸಿಹಿ, ಸ್ವಲ್ಪ ಸೀದದ್ದು, ಕೊನೆಗೆ ನಾಲಿಗೆಯ ಮೇಲೆ ಎಂಥದೋ ಒಗರು. ಕೆಟ್ಟಿದೆ ಎನ್ನುವಂತಿಲ್ಲ, ಚೆನ್ನಾಗಿದೆ ಎನ್ನುವಂತೆಯೂ ಇಲ್ಲ. ಕರೆಸಿಕೊಂಡ ಗೆಳೆಯರು ಮರ್ಯಾದೆಗೆ ಅರ್ಧ ಲೋಟ ಕುಡಿದು, ಉಳಿದದ್ದನ್ನು ಯಾರೂ ನೋಡದಾಗ ಸಿಂಕಿಗೆ ಸುರಿಯುತ್ತಾರೆ. ಇನ್ನೂ ನಲವತ್ತಕ್ಕೂ ಹೆಚ್ಚು ಬಾಟಲಿ ಉಳಿದಿವೆ.

ದುಡ್ಡು ಹೋದದ್ದು ದೊಡ್ಡ ಮಾತಲ್ಲ. ತಪ್ಪು ಎಲ್ಲಿ ಆಯಿತೆಂದು ತಿಳಿಯದಿರುವುದೇ ನಿಜವಾದ ನಷ್ಟ. ಏಳು ಕಾಳು, ಎರಡು ಸಾರ. ಆ ಒಗರು ಯಾವುದರದು? ಆ ಸೀದ ವಾಸನೆ ಯಾವ ಪೊಟ್ಟಣದ್ದು? ಮುಂದಿನ ಸಲ ಯಾವುದನ್ನು ಬಿಡಬೇಕು? ಹೇಳುವವರಿಲ್ಲ. ಹೊಸದಾಗಿ ಅಡುಗೆ ಕಲಿಯುವವನು ಮಸಾಲೆ ಡಬ್ಬಿಯಲ್ಲಿದ್ದುದನ್ನೆಲ್ಲ ಒಂದೊಂದು ಚಿಟಿಕೆ ಸಾರಿಗೆ ಹಾಕಿದರೆ ಆಗುವ ಫಜೀತಿಯೇ ಇದು. ಮೆಂತ್ಯ ಹೆಚ್ಚಾಯಿತೋ, ಲವಂಗ ಹೆಚ್ಚಾಯಿತೋ ಅವನಿಗೆ ಗೊತ್ತಾಗುವುದಿಲ್ಲ. ಸಾರು ಮಾತ್ರ ಸಾರಿನ ಹಾಗಿಲ್ಲ. ಮನೆಬಿಯರಿನ ಹವ್ಯಾಸವನ್ನು ಎರಡು ಮೂರು ಪ್ರಯತ್ನಕ್ಕೇ ಬಿಟ್ಟುಬಿಡುವವರಲ್ಲಿ ಇಂಥವರೂ ಇದ್ದಾರೆ.

ಮಾಲ್ಟ್ ಎಂದರೆ ಕರ್ನಾಟಕದವರಿಗೆ ಹೊಸದಾಗಿ ಹೇಳಿಕೊಡಬೇಕಾದ್ದಿಲ್ಲ. ರಾಗಿಯನ್ನು ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿ ಮಕ್ಕಳಿಗೆ ಗಂಜಿ ಕಾಯಿಸುವ ಮನೆಗಳು ಇವತ್ತಿಗೂ ಇವೆ. ಮೊಳಕೆ ಕಟ್ಟಿದ ರಾಗಿಹಿಟ್ಟಿನ ಗಂಜಿ ಬರಿಯ ರಾಗಿಹಿಟ್ಟಿನ ಗಂಜಿಯಷ್ಟು ಗಟ್ಟಿಯಾಗುವುದಿಲ್ಲ, ತುಸು ಸಿಹಿಯಾಗಿಯೂ ಇರುತ್ತದೆ. ಮೊಳಕೆಯೊಡೆಯುವಾಗ ಕಾಳಿನೊಳಗೆ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಮುರಿದು ಸಕ್ಕರೆ ಮಾಡುವುದೇ ಇದಕ್ಕೆ ಕಾರಣ. ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆ ಇದೇ ಗುಣವನ್ನು ನೆಚ್ಚಿಕೊಂಡು ಎಳೆಯ ಮಕ್ಕಳ ಆಹಾರದ ಮೇಲೆ ಕೆಲಸ ಮಾಡಿದೆ. ಬಾರ್ಲಿಯದೂ ಇದೇ ಕಥೆ. ಮೊಳಕೆ ಬಂದ ಬಾರ್ಲಿಯನ್ನು ಒಣಗಿಸಿ, ಒಡೆದು, ಸುಮಾರು 65ರಿಂದ 68 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟರೆ ಪಿಷ್ಟವೆಲ್ಲ ಸಕ್ಕರೆಯಾಗಿ ಸಿಹಿನೀರು ಸಿಗುತ್ತದೆ. ಅದಕ್ಕೆ ಹಾಪ್ಸ್ ಹೂವು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿದರೆ ಬಿಯರ್.

ಈ ಸಿಹಿನೀರನ್ನು ಕಾರ್ಖಾನೆಯಲ್ಲಿ ಗಾಳಿಯ ಒತ್ತಡ ತಗ್ಗಿಸಿ, ಹೆಚ್ಚು ಬಿಸಿ ತಾಗದ ಹಾಗೆ ಇಂಗಿಸಿದರೆ ಬರುವುದೇ ಮಾಲ್ಟ್ ಎಕ್ಸ್‌ಟ್ರಾಕ್ಟ್, ಅಂದರೆ ಮಾಲ್ಟಿನ ಸಾರ. ಮಲೆನಾಡಿನ ಜೋನಿಬೆಲ್ಲ ಕಂಡವರಿಗೆ ಅದರ ರೂಪ ವಿವರಿಸಬೇಕಾಗಿಲ್ಲ. ಅದೇ ಹರಿವು, ಅದೇ ಅಂಟು. ದ್ರವರೂಪದ ಸಾರದಲ್ಲಿ ಐದರಲ್ಲಿ ಒಂದು ಪಾಲು ನೀರು. ಇನ್ನೂ ಒಣಗಿಸಿ ಪುಡಿ ಮಾಡಿದರೆ ಒಣ ಸಾರ. ಕಾಳು ಬೇಯಿಸಿ, ಶೋಧಿಸಿ, ತೊಳೆಯುವ ಅರ್ಧ ದಿನದ ಕೆಲಸವನ್ನು ಬೇರೆ ಯಾರೋ ಮಾಡಿಕೊಟ್ಟಂತಾಯಿತು. ಹೊಸಬ ಡಬ್ಬಿ ತೆರೆದು ಬಿಸಿನೀರಿಗೆ ಸುರಿದರೆ ಸಾಕು.

ಇದು ಇಂದು ನಿನ್ನೆಯ ಉಪಾಯವಲ್ಲ. 1773ರಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್ ತನ್ನ ಎರಡನೆಯ ಮಹಾಯಾನದಲ್ಲಿ ನ್ಯೂಜಿಲೆಂಡಿನ ಡಸ್ಕಿ ಸೌಂಡ್ ಎಂಬ ಕೊಲ್ಲಿಯಲ್ಲಿ ಲಂಗರು ಹಾಕಿದಾಗ ಹಡಗಿನವರಿಗಾಗಿ ಬಿಯರ್ ಮಾಡಿಸಿದ. ದಡದಲ್ಲಿ ಬೆಳೆದಿದ್ದ ರಿಮು, ಮಾನುಕಾ ಮರಗಳ ಸೊಪ್ಪು ಕುದಿಸಿ, ಅದಕ್ಕೆ ಇಂಗ್ಲೆಂಡಿನಿಂದ ತಂದ ಇಂಗಿಸಿದ ಮಾಲ್ಟಿನ ರಸ ಮತ್ತು ಕಾಕಂಬಿ ಸೇರಿಸಿದ. ಸ್ಕರ್ವಿ ರೋಗಕ್ಕೆ ಮಾಲ್ಟು ಮದ್ದೆಂಬ ನಂಬಿಕೆ ಆಗ ಇತ್ತು. ಅದು ಸುಳ್ಳೆಂದು ಆಮೇಲೆ ಗೊತ್ತಾಯಿತು, ಅದು ಬೇರೆ ಮಾತು. ಆದರೆ ಕಾಡಿನಂಚಿನಲ್ಲಿ, ಒಂದೇ ಬಗೆಯ ಮಾಲ್ಟ್ ರಸದಿಂದ ಬಿಯರ್ ಆಯಿತಲ್ಲ!

ಮಾಲ್ಟ್ ಸಾರಕ್ಕೆ ಕೆಟ್ಟ ಹೆಸರು ಬಂದದ್ದು ಅಮೆರಿಕದ ಪಾನನಿಷೇಧದ ಕಾಲದಲ್ಲಿ. 1920ರಿಂದ 1933ರವರೆಗೆ ಬಿಯರ್ ಮಾರುವಂತಿರಲಿಲ್ಲ, ಆದರೆ ರೊಟ್ಟಿಗೆಂದು, ಅಡುಗೆಗೆಂದು ಮಾಲ್ಟಿನ ಪಾಕ ಮಾರಬಹುದಿತ್ತು. ಪ್ಯಾಬ್ಸ್ಟ್, ಆನ್‌ಹೈಸರ್ ಬುಶ್‌ನಂಥ ದೊಡ್ಡ ಬಿಯರ್ ಕಂಪನಿಗಳೇ ಡಬ್ಬಿಯಲ್ಲಿ ತುಂಬಿ ದಿನಸಿ ಅಂಗಡಿಗೆ ಕಳಿಸಿದವು. ಅಷ್ಟೊಂದು ಪಾಕದಲ್ಲಿ ಎಷ್ಟು ರೊಟ್ಟಿ ಬೆಂದಿತೋ ದೇವರೇ ಬಲ್ಲ. ಜನ ಡಬ್ಬಿಯ ಪಾಕಕ್ಕೆ ಅಷ್ಟೇ ಸಕ್ಕರೆ ಸುರಿದು, ರೊಟ್ಟಿಯ ಯೀಸ್ಟ್ ಹಾಕಿ, ನೆಲಮಾಳಿಗೆಯಲ್ಲಿ ಹುದುಗಿಸಿ ಕುಡಿದರು. ಬಾಟಲಿ ಸಿಡಿಯುತ್ತಿದ್ದುದೂ ಉಂಟು. ನಿಷೇಧ ಹೋದ ಮೇಲೂ ಮನೆಯಲ್ಲಿ ಬಿಯರ್ ಮಾಡುವುದು ಕಾನೂನುಬದ್ಧವಾಗಲಿಲ್ಲ. ಮನೆವೈನಿಗೆ ಸಿಕ್ಕಿದ ವಿನಾಯಿತಿ ಮನೆಬಿಯರಿಗೆ ಸಿಗಲಿಲ್ಲ. ಅದಕ್ಕೆ 1978ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ಅಧ್ಯಕ್ಷ ಜಿಮ್ಮಿ ಕಾರ್ಟರ್ ರುಜು ಹಾಕಿದ ಮಸೂದೆ 1979ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ಪ್ರಾಪ್ತ ವಯಸ್ಕನೊಬ್ಬ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆ 200 ಗ್ಯಾಲನ್, ಮಾರಾಟ ಕೂಡದು. ಆದರೂ ರಾಜ್ಯಗಳಿಗೆ ತಮ್ಮದೇ ಕಾನೂನು. ಅಲಬಾಮ ಮತ್ತು ಮಿಸಿಸಿಪ್ಪಿ ಒಪ್ಪಿದ್ದು 2013ರಲ್ಲಿ. ಬ್ರಿಟನ್ನಿನಲ್ಲಿ 1880ರಿಂದ ಬೇಕಾಗಿದ್ದ ಲೈಸೆನ್ಸನ್ನು 1963ರಲ್ಲೇ ತೆಗೆದುಹಾಕಿದರು. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದ್ದರಿಂದ ಇಲ್ಲಿ ಹೇಳುತ್ತಿರುವುದೆಲ್ಲ ಅದಕ್ಕೆ ಅವಕಾಶವಿರುವ ದೇಶಗಳ ಅಡುಗೆಮನೆಯ ಮಾತು. ಮಗನನ್ನೋ ಮಗಳನ್ನೋ ನೋಡಲು ಅಮೆರಿಕಕ್ಕೆ ಹೋದ ಅಪ್ಪ ಅಮ್ಮ ಅಲ್ಲಿಯ ಗ್ಯಾರೇಜಿನ ಮೂಲೆಯಲ್ಲಿ ಗುಳುಗುಳು ಎನ್ನುವ ದೊಡ್ಡ ಗಾಜಿನ ಬುರುಡೆ ಕಂಡರೆ ಗಾಬರಿಯಾಗದಿರಲಿ ಎಂಬುದಕ್ಕೂ ಈ ಮಾತು ಉಪಯೋಗಕ್ಕೆ ಬಂದೀತು.

ಇನ್ನು ಹೊಸಬನ ಏಳು ಪೊಟ್ಟಣಕ್ಕೆ ಬರೋಣ.

ಮೊದಲ ಗೊಂದಲ ಡಬ್ಬಿಯಲ್ಲೇ ಇದೆ. ಸಾರದಲ್ಲಿ ತಿಳಿ, ಕೆಂಪು, ಕಪ್ಪು ಎಂದು ಹಲವು ಬಣ್ಣ. ಕಪ್ಪು ಬಿಯರ್ ಬೇಕೆಂದರೆ ಕಪ್ಪು ಸಾರ ಕೊಳ್ಳಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಕೆಂಪು ಸಾರ, ಕಪ್ಪು ಸಾರಗಳಿಗೆ ಆ ಬಣ್ಣ ಬಂದದ್ದು ಕಾರ್ಖಾನೆಯವರು ಮೊದಲೇ ಬೆರೆಸಿದ ಕೆಂಚು ಕಾಳು, ಕರಿಕಾಳುಗಳಿಂದ. ಯಾವ ಕಾಳು, ಎಷ್ಟು ಪಾಲು ಎಂಬುದನ್ನು ಕೆಲವರು ಹೇಳುತ್ತಾರೆ, ಡಬ್ಬಿಯ ಮೇಲೆ ಬರೆಯದವರೂ ಇದ್ದಾರೆ. ಅದರ ಮೇಲೆ ಹೊಸಬ ತನ್ನ ಪೊಟ್ಟಣದ ಕಾಳು ಹಾಕಿದರೆ, ಉಪ್ಪು ಹಾಕಿದ ಸಾರಿಗೆ ಮತ್ತೆ ಉಪ್ಪು ಹಾಕಿದಂತೆ. ಆದ್ದರಿಂದ ಅನುಭವಸ್ಥರು ಕೊಡುವ ಮೊದಲ ಸಲಹೆ ಬಹಳ ಸರಳ: ಯಾವ ಬಿಯರ್ ಮಾಡುವುದಾದರೂ ಸಾರ ಮಾತ್ರ ತಿಳಿಬಣ್ಣದ್ದೇ ಇರಲಿ. ಬಣ್ಣ, ಘಮ, ಕಹಿ ಎಲ್ಲ ತನ್ನ ಕೈಯಾರೆ ಅಳೆದು ಹಾಕಿದ ಕಾಳಿನಿಂದ ಬರಲಿ. ಆಗ ಏನು ಹಾಕಿದೆನೆಂಬ ಲೆಕ್ಕವಾದರೂ ಇರುತ್ತದೆ. ಗೋಧಿ ಬಿಯರ್ ಮಾಡುವವರಿಗೆ ಮಾತ್ರ ಗೋಧಿಮಾಲ್ಟ್ ಬೆರೆಸಿದ ಸಾರ ಬೇಕು. ಅದಕ್ಕೆ ಯಾವ ಕಾಳೂ ಬೇಡ, ಪೊಟ್ಟಣದ ಗೊಡವೆಯೇ ಇಲ್ಲ.

ಎರಡನೆಯ ಗೊಂದಲ ಕಾಳಿನದು. ಆ ನಲವತ್ತು ಡಬ್ಬಗಳ ಮುಂದೆ ನಿಂತವನು ಕೇಳಿಕೊಳ್ಳಬೇಕಾದದ್ದು ಒಂದೇ ಪ್ರಶ್ನೆ: ಈ ಕಾಳಿನೊಳಗೆ ಇರುವುದು ಸಕ್ಕರೆಯೋ, ಪಿಷ್ಟವೋ? ಇದಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ಡಬ್ಬಗಳು ಲೆಕ್ಕದಿಂದ ಬಿದ್ದುಹೋಗುತ್ತವೆ. ಸಾರದಿಂದ ಬಿಯರ್ ಮಾಡುವವನು ಕಾಳನ್ನು ಬೇಯಿಸುವುದಿಲ್ಲ. ಟೀ ಸೊಪ್ಪಿನ ಹಾಗೆ ಬಟ್ಟೆಯ ಚೀಲದಲ್ಲಿ ಕಟ್ಟಿ ಬಿಸಿನೀರಿನಲ್ಲಿ ಅರ್ಧ ಗಂಟೆ ಅದ್ದಿ ತೆಗೆಯುತ್ತಾನೆ. ಅಷ್ಟರಲ್ಲಿ ನೀರಿಗೆ ಬಿಟ್ಟುಕೊಳ್ಳುವಂಥದು ಕಾಳಿನಲ್ಲಿ ಆಗಲೇ ತಯಾರಾಗಿ ಕೂತಿರಬೇಕು. ಪಿಷ್ಟವಿದ್ದರೆ ಅದು ಪಿಷ್ಟವಾಗಿಯೇ ನೀರಿಗೆ ಇಳಿದು, ಗಂಜಿತಿಳಿಯ ಹಾಗೆ ಬಿಯರನ್ನು ಮಬ್ಬು ಮಾಡುತ್ತದೆ. ಯೀಸ್ಟಿಗೂ ಅದರಿಂದ ಏನೂ ದಕ್ಕುವುದಿಲ್ಲ.

ಈ ಪರೀಕ್ಷೆಯಲ್ಲಿ ಗೆಲ್ಲುವ ಮೊದಲ ಜಾತಿ ಕ್ರಿಸ್ಟಲ್ ಮಾಲ್ಟ್. ಕ್ಯಾರಮೆಲ್ ಮಾಲ್ಟ್ ಎಂದೂ ಹೇಳುತ್ತಾರೆ. ಇದನ್ನು ಮಾಡುವ ಬಗೆ ಚೆಂದ. ಮೊಳಕೆ ಬಂದ ಬಾರ್ಲಿಯನ್ನು ಒಣಗಿಸದೆ, ಹಸಿಹಸಿಯಾಗಿರುವಾಗಲೇ ಮುಚ್ಚಿದ ಉರುಳೆಯೊಳಗೆ ಬಿಸಿ ಮಾಡುತ್ತಾರೆ. ಸಿಪ್ಪೆಯೊಳಗಿನ ಪಿಷ್ಟ ಅಲ್ಲೇ ಸಕ್ಕರೆಯಾಗುತ್ತದೆ. ಒಂದೊಂದು ಕಾಳೂ ಒಂದೊಂದು ಪುಟ್ಟ ಪಾತ್ರೆ ಎನ್ನಿ. ಆಮೇಲೆ ಬಿಸಿ ಹೆಚ್ಚಿಸಿ ಹುರಿದಾಗ ಆ ಸಕ್ಕರೆ ಪಾಕವಾಗಿ ಗಾಜಿನಂತೆ ಗಟ್ಟಿಯಾಗುತ್ತದೆ. ಹಲ್ಲಿನಲ್ಲಿ ಕಡಿದರೆ ಕಟುಮ್ಮೆನ್ನುತ್ತದೆ, ಸಿಹಿ. ಹೆಸರಿನ ಪಕ್ಕದ ಸಂಖ್ಯೆ ಹೇಳುವುದು ಬಣ್ಣದ ಗಾಢತೆಯನ್ನು. ಅದು ಜೋಸೆಫ್ ವಿಲಿಯಮ್ಸ್ ಲವಿಬಾಂಡ್ ಎಂಬ ಇಂಗ್ಲಿಷ್ ಬಿಯರ್ ತಯಾರಕನ ಬಳುವಳಿ. ಬಣ್ಣದ ಗಾಜಿನ ತುಂಡುಗಳ ಜೊತೆ ಬಿಯರನ್ನು ಹೋಲಿಸಿ ಅಳೆಯುವ ಉಪಕರಣವನ್ನು ಆತ 1880ರ ದಶಕದಲ್ಲಿ ರೂಪಿಸಿದ. ಕ್ರಿಸ್ಟಲ್ 20 ಎಂದರೆ ಜೇನಿನಂಥ ತೆಳುಸಿಹಿ. 40, 60 ಎಂದರೆ ಸಕ್ಕರೆ ಪಾಕ ಕೆಂಪಗಾದಾಗಿನ ಘಮ. 120ಕ್ಕೆ ಬಂದರೆ ಒಣದ್ರಾಕ್ಷಿ, ಸುಟ್ಟ ಸಕ್ಕರೆ.

ಹತ್ತರಿಂದ ನೂರಿಪ್ಪತ್ತರವರೆಗೆ ಹತ್ತಾರು ಸಂಖ್ಯೆಗಳ ಡಬ್ಬ ಇಟ್ಟಿದ್ದಾರೆಂದು ಎಲ್ಲದರಲ್ಲೂ ಒಂದೊಂದು ಹಿಡಿ ಬೇಕಾಗಿಲ್ಲ. ಮೊದಲ ವರ್ಷಕ್ಕೆ ಒಂದೇ ಸಾಕು, 40 ಅಥವಾ 60. ಐದು ಗ್ಯಾಲನ್, ಅಂದರೆ 19 ಲೀಟರ್ ಬಿಯರಿಗೆ ಕಾಲು ಕಿಲೋದಿಂದ ಅರ್ಧ ಕಿಲೋ. ಅದನ್ನು ಮೀರಿದರೆ ಬಿಯರ್ ಅಂಟಂಟಾಗಿ ಸಿಹಿಯಾಗುತ್ತದೆ. ಏಕೆಂದರೆ ಕ್ರಿಸ್ಟಲಿನ ಸಕ್ಕರೆಯಲ್ಲಿ ಒಂದಷ್ಟು ಪಾಲನ್ನು ಯೀಸ್ಟು ತಿನ್ನಲಾರದು. ಒಂದು ಲೋಟ ರುಚಿಯಾದೀತು, ಎರಡನೆಯ ಲೋಟ ಯಾರಿಗೂ ಬೇಡ.

ಗೆಲ್ಲುವ ಎರಡನೆಯ ಜಾತಿ ಕರಿಕಾಳುಗಳು: ಚಾಕೊಲೇಟ್ ಮಾಲ್ಟ್, ಬ್ಲ್ಯಾಕ್ ಪೇಟೆಂಟ್ ಮಾಲ್ಟ್, ಮೊಳಕೆ ಬರಿಸದೆಯೇ ಹುರಿದ ಬಾರ್ಲಿ. ಚಾಕೊಲೇಟ್ ಮಾಲ್ಟಿನಲ್ಲಿ ಚಾಕೊಲೇಟ್ ಇರುವುದಿಲ್ಲ, ಬಣ್ಣಕ್ಕೆ ಬಂದ ಹೆಸರು ಅದು. ಇವುಗಳನ್ನು ಕಾಫಿಬೀಜದ ಹಾಗೆ ಹುರಿದಿರುವುದರಿಂದ ಬಣ್ಣ, ಘಮ, ಕಹಿಯೆಲ್ಲ ಬಿಸಿನೀರಿಗೆ ಸಲೀಸಾಗಿ ಇಳಿಯುತ್ತವೆ. ಇವುಗಳ ವಿಷಯದಲ್ಲಿ ಒಂದು ಹಳೆಯ ಕಥೆ ನೆನೆಯಬೇಕು. ಇವತ್ತಿನ ಹೊಸಬನಿಗೆ ಬೇಕಾದ ಉತ್ತರ ಅದರಲ್ಲೇ ಇದೆ.

ಹದಿನೆಂಟನೆಯ ಶತಮಾನದಲ್ಲಿ ಲಂಡನ್ನಿನ ಕೂಲಿಕಾರರ ಪಾನೀಯ ಪೋರ್ಟರ್. ಹೊರೆ ಹೊರುವವರು, ಹಮಾಲರು ಕುಡಿಯುತ್ತಿದ್ದುದರಿಂದಲೇ ಆ ಹೆಸರು ಬಂತೆನ್ನುತ್ತಾರೆ. ಅದನ್ನು ಸೌದೆಯ ಬೆಂಕಿಯ ಮೇಲೆ ಕೆಂಪಗೆ ಸುಟ್ಟ ಬ್ರೌನ್ ಮಾಲ್ಟಿನಿಂದ ಮಾಡುತ್ತಿದ್ದರು. ಯಾವ ಮಾಲ್ಟಿನಿಂದ ಎಷ್ಟು ಸಕ್ಕರೆ ಇಳಿಯುತ್ತದೆಂದು ಅಳೆಯುವ ಸಾಧನವೇ ಆಗ ಇರಲಿಲ್ಲ. ಸಿಹಿನೀರಿನ ಸಾಂದ್ರತೆ ಅಳೆಯುವ ಸ್ಯಾಕರೋಮೀಟರನ್ನು ಜಾನ್ ರಿಚರ್ಡ್‌ಸನ್ 1784ರಲ್ಲಿ ಪ್ರಚಾರಕ್ಕೆ ತಂದ ಮೇಲೆ ಬಿಯರ್ ಮಾಡುವವರಿಗೆ ಆಘಾತವಾಯಿತು. ಅಗ್ಗವೆಂದು ಕೊಳ್ಳುತ್ತಿದ್ದ ಬ್ರೌನ್ ಮಾಲ್ಟಿನಿಂದ ಬರುವ ಸಕ್ಕರೆ ತಿಳಿಬಣ್ಣದ ಮಾಲ್ಟಿಗಿಂತ ಎಷ್ಟೋ ಕಡಿಮೆ. ಅಗ್ಗದ್ದೇ ದುಬಾರಿಯಾಗಿತ್ತು! ಅವರು ತಿಳಿಮಾಲ್ಟಿಗೆ ತಿರುಗಿದರು. ಆದರೆ ಪೋರ್ಟರ್ ಬೆಳ್ಳಗಾಗತೊಡಗಿತು. ಗಿರಾಕಿ ಸುಮ್ಮನಿರುತ್ತಾನೆಯೆ? ಕಪ್ಪಗಿದ್ದರೆ ಮಾತ್ರ ಅದು ಪೋರ್ಟರ್. ಕೆಲವರು ಸುಟ್ಟ ಸಕ್ಕರೆಯ ಬಣ್ಣ ಬೆರೆಸಿದರು, ಕೆಲವರು ಏನೇನೋ ಸೇರಿಸಿದರು. 1816ರಲ್ಲಿ ಪಾರ್ಲಿಮೆಂಟು ಇಂಥ ಬೆರಕೆಯನ್ನೆಲ್ಲ ನಿಷೇಧಿಸಿತು. ಮಾಲ್ಟು, ಹಾಪ್ಸು ಬಿಟ್ಟು ಬೇರೇನೂ ಕೂಡದು.

ಮರುವರ್ಷವೇ, 1817ರಲ್ಲಿ, ಡೇನಿಯಲ್ ವ್ಹೀಲರ್ ಎಂಬಾತ ಪೇಟೆಂಟ್ ಪಡೆದ. ಕಾಫಿ ಹುರಿಯುವಂಥ ಕಬ್ಬಿಣದ ಉರುಳೆಯಲ್ಲಿ ಮಾಲ್ಟನ್ನು, ಬೆಂಕಿ ನೇರವಾಗಿ ತಾಗದಂತೆ, ಕಡುಕಪ್ಪಾಗಿ ಹುರಿಯುವ ವಿಧಾನ. ಇದರಲ್ಲಿ ಒಂದಿಷ್ಟು ಸಾಕು, ಕೊಪ್ಪರಿಗೆ ತುಂಬ ತಿಳಿಮಾಲ್ಟಿನ ಬಿಯರು ಕಪ್ಪಾಗುತ್ತದೆ. ಮಾಲ್ಟೇ ಆದ್ದರಿಂದ ಕಾನೂನಿಗೂ ತಕರಾರಿಲ್ಲ. ಅಂಗಡಿಯ ಡಬ್ಬದ ಮೇಲೆ ಇಂದಿಗೂ ಬ್ಲ್ಯಾಕ್ ಪೇಟೆಂಟ್ ಎಂದು ಬರೆದಿರುವುದು ವ್ಹೀಲರನ ಆ ಪೇಟೆಂಟಿನ ನೆನಪು. ಇನ್ನೂರು ವರ್ಷದ ಹಿಂದೆ ಲಂಡನ್, ಡಬ್ಲಿನ್‌ಗಳ ದೊಡ್ಡ ದೊಡ್ಡ ಬಿಯರ್ ಕಾರ್ಖಾನೆಗಳು ಕಂಡುಕೊಂಡ ಹಾದಿ ಇಷ್ಟೇ: ಹೆಚ್ಚಿನ ಪಾಲು ತಿಳಿಮಾಲ್ಟ್, ಮೇಲೊಂದು ಸ್ವಲ್ಪ ಕರಿಕಾಳು. ಅಡುಗೆಮನೆಯ ಹೊಸಬನಿಗೆ ಆ ತಿಳಿಮಾಲ್ಟಿನ ಪಾಲು ಡಬ್ಬಿಯಲ್ಲಿ ಸಿದ್ಧವಾಗಿ ಬಂದಿದೆ. ಉಳಿದದ್ದು ಆ ಸ್ವಲ್ಪ.

ಎಷ್ಟು ಸ್ವಲ್ಪ? ಅದೇ 19 ಲೀಟರಿಗೆ ಬ್ಲ್ಯಾಕ್ ಪೇಟೆಂಟ್ ಆದರೆ ನೂರು ಗ್ರಾಮಿನ ಆಸುಪಾಸು. ಸಾಸಿವೆ ಒಗ್ಗರಣೆ ಸೀದರೆ ಇಡೀ ಪಲ್ಯ ಹೋದಂತೆ, ಇದು ಮುನ್ನೂರಕ್ಕೆ ಏರಿದರೆ ಬಿಯರು ಇದ್ದಿಲಿನ ರುಚಿಗೆ ತಿರುಗುತ್ತದೆ. ಚಾಕೊಲೇಟ್ ಮಾಲ್ಟ್ ಅಷ್ಟು ಕಟುವಲ್ಲ, ಕಾಲು ಕಿಲೋವರೆಗೆ ತಡೆಯುತ್ತದೆ. ಹುರಿದ ಬಾರ್ಲಿ ಸ್ಟೌಟ್ ಎಂಬ ಕರಿಬಿಯರಿಗೆ ಮೀಸಲು. ಅದರ ಒಣ ಕಾಫಿಯಂಥ ಕಹಿಯೇ ಸ್ಟೌಟಿನ ಗುರುತು. ಅದನ್ನು ಅರ್ಧ ಕಿಲೋ ಹತ್ತಿರ ಹಾಕುವುದುಂಟು.

ಸೋಲುವ ಕಾಳುಗಳ ಪಟ್ಟಿ ಉದ್ದವಿದೆ. ಮಾಮೂಲಿ ತಿಳಿಮಾಲ್ಟ್, ಮ್ಯೂನಿಕ್, ವಿಯೆನ್ನಾ, ಬಿಸ್ಕೆಟ್ ಮಾಲ್ಟ್, ಗೋಧಿಮಾಲ್ಟ್, ಅವಲಕ್ಕಿಯಂತೆ ಚಪ್ಪಟೆ ಮಾಡಿದ ಓಟ್ಸ್, ಬಾರ್ಲಿ. ಇವುಗಳೊಳಗೆ ಇರುವುದು ಪಿಷ್ಟ. ಸರಿಯಾದ ಬಿಸಿಯಲ್ಲಿ, ಸರಿಯಾದಷ್ಟು ನೀರಿನಲ್ಲಿ, ಕಿಣ್ವವಿರುವ ಮಾಲ್ಟಿನ ಜೊತೆ ಒಂದು ಗಂಟೆ ಕೂರಿಸಿದರೆ ಮಾತ್ರ ಸಕ್ಕರೆಯಾಗುವಂಥವು. ಮ್ಯೂನಿಕ್, ವಿಯೆನ್ನಾಗಳಿಗೆ ತಮ್ಮದೇ ಕಿಣ್ವ ಇದೆ, ಅದು ನಿಜ, ಆದರೆ ಅವಕ್ಕೂ ಆ ಉಪಚಾರ ಬೇಕು. ಓಟ್ಸಿಗೆ ಸ್ವಂತದ ಕಿಣ್ವವಿಲ್ಲ. ನಂಬದವರು ನೆನೆಸಿದ ನೀರಿಗೆ ಒಂದು ತೊಟ್ಟು ಟಿಂಕ್ಚರ್ ಅಯೋಡಿನ್ ಹಾಕಿ ನೋಡಬಹುದು. ಹೈಸ್ಕೂಲಿನಲ್ಲಿ ಆಲೂಗಡ್ಡೆಯ ಮೇಲೆ ಹಾಕಿದಾಗ ಕಂಡ ನೀಲಿಗಪ್ಪು ಅಲ್ಲಿಯೂ ಕಾಣುತ್ತದೆ. ಹೊಸಬನ ಚೀಟಿಯಲ್ಲಿದ್ದ ಏಳರಲ್ಲಿ ಮೂರು ನಾಲ್ಕು ಈ ಗುಂಪಿನವೇ ಆಗಿರುವ ಸಂಭವ ಹೆಚ್ಚು. ಕಾಳನ್ನು ಪೂರ್ತಿ ಬೇಯಿಸಿ ಬಿಯರ್ ಮಾಡುವವರಿಗಾಗಿ ಬರೆದ ಪಾಕವನ್ನು ಎಕ್ಸ್‌ಟ್ರಾಕ್ಟಿಗೆ ಒಗ್ಗಿಸುವಾಗ ಹೀಗಾಗುತ್ತದೆ. ತಿಳಿಮಾಲ್ಟಿನ ಬದಲು ಸಾರ ಎಂದು ಬರೆಯುತ್ತಾರೆ, ಉಳಿದದ್ದನ್ನು ಹಾಗೇ ಬಿಟ್ಟುಬಿಡುತ್ತಾರೆ.

ನೆನೆಸುವುದಕ್ಕೂ ಒಂದು ಹದವಿದೆ. ಕಾಳು ಒಡೆದಿರಬೇಕು, ಹಿಟ್ಟಾಗಿರಬಾರದು. ಸಿಪ್ಪೆ ಸೀಳಿ ಒಳಗಿನದು ಎರಡು ಮೂರು ಚೂರಾದರೆ ಸಾಕು. ಅಂಗಡಿಯವರೇ ಒಡೆದುಕೊಡುತ್ತಾರೆ. ತೆಳುಬಟ್ಟೆಯ ಚೀಲದಲ್ಲಿ ಸಡಿಲವಾಗಿ ಕಟ್ಟಿ, ಅರ್ಧ ಕಿಲೋ ಕಾಳಿಗೆ ನಾಲ್ಕು ಲೀಟರ್ ಮೀರದಷ್ಟು ನೀರಿನಲ್ಲಿ, 65ರಿಂದ 70 ಡಿಗ್ರಿ ಬಿಸಿಯಲ್ಲಿ ಇಪ್ಪತ್ತು ಮೂವತ್ತು ನಿಮಿಷ. ಚೀಲ ತೆಗೆದು, ಹಿಂಡದೆ ನೀರು ಇಳಿಯಲು ಬಿಟ್ಟು, ಆಮೇಲೆ ಕುದಿಸಬೇಕು. ಕಾಳಿನ ಸಮೇತ ಕುದಿಸಿದರೆ ಸಿಪ್ಪೆಯ ಒಗರೆಲ್ಲ ನೀರಿಗೆ ಬರುತ್ತದೆ, ಟೀ ಸೊಪ್ಪನ್ನು ಒಲೆಯ ಮೇಲೆ ಮರೆತಂತೆ. ಹಳೆಯ ಕೆಲವು ಪಾಕಗಳಲ್ಲಿ ಕಾಳನ್ನು ತಣ್ಣೀರಿಗೆ ಹಾಕಿ ಕುದಿ ಬಂದಾಗ ತೆಗೆಯಿರಿ ಎಂದು ಬರೆದಿರುತ್ತದೆ. ಕಣ್ಣಳತೆಯವರಿಗೆ ಅದು ಅಪಾಯ, ಥರ್ಮಾಮೀಟರ್ ಇರಲಿ. ಇನ್ನು ಸಾರವನ್ನು ಸುರಿಯುವಾಗ ಒಲೆ ಆರಿಸಿರಬೇಕು. ಇಲ್ಲದಿದ್ದರೆ ಜೋನಿಯಂಥ ಆ ಪಾಕ ಸೀದಾ ತಳ ಸೇರಿ ಹತ್ತಿಕೊಳ್ಳುತ್ತದೆ. ಆಗ ಬರುವ ಸೀದ ವಾಸನೆಗೆ ಬಡಪಾಯಿ ಕರಿಕಾಳು ಹೊಣೆಯಲ್ಲ.

ಹೀಗೆ ನಾಲ್ಕೇ ಡಬ್ಬದ ಸಹವಾಸ ಇಟ್ಟುಕೊಂಡವನಿಗೆ ಏನೇನು ಸಿಕ್ಕೀತು? 19 ಲೀಟರಿಗೆ ಎರಡೂವರೆ ಕಿಲೋ ತಿಳಿಬಣ್ಣದ ಒಣ ಸಾರ, ಅಥವಾ ಮೂರು ಕಿಲೋಗಿಂತ ತುಸು ಹೆಚ್ಚು ದ್ರವ ಸಾರ. ಇಷ್ಟಕ್ಕೆ ಸುಮಾರು ಐದು ಶೇಕಡ ಮದ್ಯಾಂಶದ ಬಿಯರ್ ಬರುತ್ತದೆ. ಅದಕ್ಕೆ ಕಾಲು ಕಿಲೋ ಕ್ರಿಸ್ಟಲ್ 40 ಸೇರಿಸಿ, ಹಾಪ್ಸ್ ತುಸು ಮುಂದಾಗಿ ಹಾಕಿದರೆ ಪೇಲ್ ಏಲ್. ಅದೇ ಕ್ರಿಸ್ಟಲಿನ ಜೊತೆ ನೂರೈವತ್ತು ಗ್ರಾಂ ಚಾಕೊಲೇಟ್ ಮಾಲ್ಟ್ ಹಾಕಿ ಹಾಪ್ಸ್ ಕಡಿಮೆ ಮಾಡಿದರೆ ಬ್ರೌನ್ ಏಲ್. ಚಾಕೊಲೇಟನ್ನು ಕಾಲು ಕಿಲೋಗೆ ಏರಿಸಿ, ಒಂದಿಷ್ಟು ಬ್ಲ್ಯಾಕ್ ಪೇಟೆಂಟ್ ತೋರಿಸಿದರೆ ಪೋರ್ಟರ್. ಎಲ್ಲವನ್ನೂ ಬಿಟ್ಟು ಹುರಿದ ಬಾರ್ಲಿಯೊಂದನ್ನೇ ಹಾಕಿದರೆ ಸ್ಟೌಟಿನ ಹತ್ತಿರದ್ದು. ಹತ್ತಿರದ್ದು ಎನ್ನಲು ಕಾರಣವಿದೆ. ಐರಿಷ್ ಸ್ಟೌಟಿನ ನೊರೆಗೂ ಮೃದುತ್ವಕ್ಕೂ ಚಪ್ಪಟೆ ಬಾರ್ಲಿಯ ಪಾಲಿದೆ, ಅದು ಬೇಯಿಸದೆ ಒಲಿಯುವುದಿಲ್ಲ. ಬೇಕೇ ಬೇಕೆಂದರೆ ಅದಕ್ಕೆ ಸಮನಾಗಿ ತಿಳಿಮಾಲ್ಟ್ ಸೇರಿಸಿ ಚಿಕ್ಕ ಪಾತ್ರೆಯಲ್ಲಿ ಒಂದು ಗಂಟೆ 66 ಡಿಗ್ರಿಯಲ್ಲಿ ಇಡುವ ಅರ್ಧ ಹಾದಿಯೂ ಉಂಟು. ಆದರೆ ಅದು ನಾಲ್ಕೈದು ಸಲ ಕೈ ಪಳಗಿದ ಮೇಲಿನ ಮಾತು.

ಇಷ್ಟು ಕಡಿಮೆ ಕಾಳಿನಲ್ಲಿ ರುಚಿಯಾದರೂ ಎಲ್ಲಿಂದ ಬರಬೇಕು ಎಂದು ಮೂಗು ಮುರಿಯುವವರಿದ್ದಾರೆ. ಅಂಥವರಿಗೆ ಬೊಹೆಮಿಯದ ಪಿಲ್ಸೆನ್ ಪಟ್ಟಣವನ್ನು ತೋರಿಸಬೇಕು. 1842ರಲ್ಲಿ ಅಲ್ಲಿ ಮೊದಲು ತಯಾರಾದ ಬಂಗಾರದ ಬಣ್ಣದ ಬಿಯರಿನಲ್ಲಿದ್ದದ್ದು ಒಂದೇ ಬಗೆಯ ತಿಳಿಮಾಲ್ಟ್, ಒಂದೇ ಊರಿನ ಹಾಪ್ಸ್, ಮೃದುವಾದ ನೀರು. ಜಗತ್ತಿನ ಮುಕ್ಕಾಲು ಪಾಲು ಬಿಯರು ಇವತ್ತಿಗೂ ಅದರ ಒಳ್ಳೆಯ ಅಥವಾ ಕೆಟ್ಟ ನಕಲು. ಏಳೆಂಟು ಬಗೆ ಮಾಲ್ಟ್ ಹಾಕಿ ಅದ್ಭುತ ಬಿಯರ್ ಮಾಡುವ ಕೈಗಳೂ ಇವೆ, ಇಲ್ಲವೆಂದಲ್ಲ. ಆದರೆ ಅವರಿಗೆ ಒಂದೊಂದು ಕಾಳಿನ ಗುಣವೂ ಬೇರೆಬೇರೆಯಾಗಿ ಗೊತ್ತಿರುತ್ತದೆ. ಏಳನೆಯದನ್ನು ಏಕೆ ಹಾಕಿದಿರೆಂದು ಕೇಳಿದರೆ ಉತ್ತರ ಕೊಡುತ್ತಾರೆ. ಚೀಟಿಯಲ್ಲಿತ್ತು, ಅದಕ್ಕೇ ಹಾಕಿದೆ ಎನ್ನುವುದಿಲ್ಲ.

ಕಾಳಿನ ಚಿಂತೆಯಲ್ಲಿ ಮುಳುಗಿದವರು ನಿಜವಾದ ಕಳ್ಳನನ್ನು ಮರೆಯುವುದೂ ಉಂಟು. ಆತ ಡಬ್ಬಿಯ ವಯಸ್ಸು. ದ್ರವ ಸಾರ ಅಂಗಡಿಯ ಕಪಾಟಿನಲ್ಲಿ ವರ್ಷಗಟ್ಟಲೆ ಕೂತರೆ ತಾನೇ ಕಪ್ಪಾಗುತ್ತಾ ಹೋಗುತ್ತದೆ, ಹಳೆಯ ಬೆಲ್ಲದ ಹಾಗೆ. ಅದರಿಂದ ಮಾಡಿದ ಬಿಯರಿಗೆ ಒಂದು ಬಗೆಯ ಹಳಸಲು ಛಾಯೆ ಅಂಟಿಕೊಳ್ಳುತ್ತದೆ. ಎಷ್ಟು ಬಗೆ ಕಾಳು ಹಾಕಿದರೂ ಅದು ಮುಚ್ಚುವುದಿಲ್ಲ. ಡಬ್ಬಿಯ ಬಿಯರ್ ಎಂದರೆ ಹೀಗೇ ಎಂಬ ಅಪವಾದದ ದೊಡ್ಡ ಪಾಲು ಹಳೆಯ ಡಬ್ಬಿಯದು. ತಾರೀಖು ನೋಡಿ ಕೊಳ್ಳಬೇಕು, ತಾರೀಖೇ ಇಲ್ಲದಿದ್ದರೆ ಬಿಡಬೇಕು. ಒಣ ಸಾರ ತೇವ ತಾಗದಿದ್ದರೆ ಹೆಚ್ಚು ಕಾಲ ಬಾಳುತ್ತದೆ, ಸಂಶಯವಿದ್ದಲ್ಲಿ ಅದೇ ಲೇಸು. ಒಂದು ಗಂಟೆ ಕುದಿಯುವಾಗಲೂ ಸಾರದ ಬಣ್ಣ ಏರುತ್ತದೆ. ಅದಕ್ಕಾಗಿ ಅರ್ಧದಷ್ಟನ್ನು ಕೊನೆಯ ಹತ್ತು ಹದಿನೈದು ನಿಮಿಷಕ್ಕೆ ಉಳಿಸಿಕೊಳ್ಳುವ ಜಾಣರಿದ್ದಾರೆ. ಆದರೆ ಆ ಅರ್ಧದಿಂದ ಕುದಿಯುವ ನೀರು ತೆಳುವಾಗಿ ಹಾಪ್ಸಿನ ಕಹಿ ತುಸು ಹೆಚ್ಚು ಇಳಿಯುತ್ತದೆ, ಅಷ್ಟು ನೆನಪಿಟ್ಟುಕೊಂಡರಾಯಿತು.

ಆ ಹೊಸಬ ಮತ್ತೆ ಅಂಗಡಿಗೆ ಬಂದರೆ ಈ ಸಲ ಒಂದು ತಿಳಿಸಾರ, ಕಾಲು ಕಿಲೋ ಕ್ರಿಸ್ಟಲ್, ಅಷ್ಟೇ ಕೊಳ್ಳಬೇಕು. ಪೊಟ್ಟಣ ಕಟ್ಟಿಸುವ ಮೊದಲು ಡಬ್ಬದಿಂದ ನಾಲ್ಕು ಕಾಳು ಕೇಳಿ ತೆಗೆದುಕೊಂಡು ಬಾಯಿಗೆ ಹಾಕಿಕೊಂಡು ಅಗಿಯಬೇಕು. ಯಾವ ಒಳ್ಳೆಯ ಅಂಗಡಿಯವನೂ ಬೇಡವೆನ್ನುವುದಿಲ್ಲ. ಬಾಟಲಿಗೆ ಅಂಟಿಸುವ ಚೀಟಿಯ ಮೇಲೆ ತಾರೀಖು, ಕಾಳಿನ ಹೆಸರು, ತೂಕ ಬರೆಯಬೇಕು. ಮೂರನೆಯ ಸಲ ಅದೇ ಸಾರ, ಅದೇ ಹಾಪ್ಸ್, ಅದೇ ಯೀಸ್ಟ್. ಕ್ರಿಸ್ಟಲ್ 40ರ ಬದಲು 80, ಅಷ್ಟೇ ಬದಲು. ಹಳೆಯದರ ಎರಡು ಬಾಟಲಿ ಉಳಿಸಿಕೊಂಡಿದ್ದು, ಹೊಸದರ ಪಕ್ಕದಲ್ಲಿಟ್ಟು, ಎರಡೂ ಲೋಟಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಆಮೇಲೆ ಕುಡಿದರೆ 80 ಎಂದರೇನೆಂದು ನಾಲಿಗೆಗೆ ಗೊತ್ತಾಗುತ್ತದೆ.